ಕ್ಯಾರಿಯರ್ ಇಲ್ಲದ ಸೈಕಲ್

ತೊಂಬತ್ತರ ದಶಕದಲ್ಲಿ ಯೆರವಡಾದ ನನ್ನ ಸೈಕಲ್ ಅಂಗಡಿಗೆ ಎಲ್ಲರೂ ಏನಾದರೂ ಹಾಕಿಸಲು ಬಂದರೆ, ನಮ್ಮ ಓಣಿಯ ಹುಡುಗನೊಬ್ಬ ಮಾತ್ರ ಬಿಚ್ಚಿಸಲು ಬರುತ್ತಿದ್ದ. ಘಾಟಿ ಹತ್ತಿ ಬರುವ ದೊಡ್ಡ ಸೈಕಲ್ ಪಂದ್ಯ ಗೆಲ್ಲಬೇಕೆಂಬುದೊಂದೇ ಅವನ ಹುಚ್ಚು. "ಹಗುರ ಆಗಬೇಕ್ರಿ, ಮಿಸ್ತ್ರಿ" ಎನ್ನುತ್ತ ಗಂಟೆ, ಮಡ್‌ಗಾರ್ಡ್, ಸ್ಟ್ಯಾಂಡು ಒಂದೊಂದಾಗಿ ತೆಗೆಸಿದ. ಶಾಲೆ ಬಿಟ್ಟು ನಟ್ಟು ಬಿಗಿಯುವ ಪಾನಾ ಹಿಡಿದವನು ನಾನು. ನಾನು ಬಿಗಿದ ನಟ್ಟು ಬಿಚ್ಚು ಎಂದರೆ ನನಗೆ ಸಿಟ್ಟು. ಆದರೂ ಅವನಿಗಾಗಿ ಬಿಚ್ಚಿದೆ.

ಕೊನೆಗೆ ಉಳಿದದ್ದು ಕ್ಯಾರಿಯರ್. ನಮ್ಮ ಓಣಿಯ ಹೊಸ ಜೋಡಿಗಳೆಲ್ಲ ಭಾನುವಾರ ಸೈಕಲ್ ಮೇಲೆಯೇ ತಿರುಗಾಡಲು ಹೋಗುತ್ತಿದ್ದವು, ಹೆಂಡತಿ ಕೂರುವುದು ಆ ಕ್ಯಾರಿಯರ್ ಮೇಲೆಯೇ. ಅವನ ಹೊಸ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.

"ಅದರ ಜೋಡಿ ನನ್ನನ್ನೂ ಬಿಚ್ಚಿಡ್ರಿ, ಇನ್ನಷ್ಟು ಹಗುರ ಆಗ್ತೀರಿ!" ಎಂದಳು ಗಂಡನಿಗೆ.

ಅವನು ನನ್ನ ಕಡೆ ತಿರುಗಿ, "ಬಿಚ್ರಿ" ಎಂದ. ಅಂದೇ ಅವಳು ಸಿಟ್ಟಿನಿಂದ ಬಾರಾಮತಿಯ ತವರಿಗೆ ಬಸ್ಸು ಹತ್ತಿದಳು.

ಪಂದ್ಯ ಗೆದ್ದ. ಮರುದಿನ ಬಹುಮಾನದ ಕಪ್ಪು ಹಿಡಿದುಕೊಂಡು ಅಂಗಡಿಗೆ ಬಂದ.

"ಮನ್ಯಾಗ ತೋರಸಾಕ ಯಾರೂ ಇಲ್ರಿ. ಆ ಕ್ಯಾರಿಯರ್ ಹಾಕ್ರಿ, ಬಾರಾಮತಿಗೆ ಹೊಂಟೇನಿ."

"ಅಷ್ಟು ದೂರ? ಬಸ್ಸಿಗೆ ಹೋಗೋ ಹುಚ್ಚಾ!"

"ಬಸ್ಸಿಗೆ ಹೋದ್ರ ಆಕಿ ಬರಂಗಿಲ್ರಿ" ಎಂದು ನಕ್ಕ.

ಕ್ಯಾರಿಯರ್ ಬಿಗಿದು, ಅದರ ಮೇಲೆ ಕಪ್ಪನ್ನು ಕಟ್ಟಲು ಹೋದೆ. ಅವನು ನನ್ನ ಕೈ ಹಿಡಿದ.

"ಅಲ್ಲಿ ಬ್ಯಾಡ್ರಿ ಮಿಸ್ತ್ರಿ, ಅದು ಆಕಿ ಜಾಗ."

ಕಪ್ಪನ್ನು ಚೀಲಕ್ಕೆ ಹಾಕಿ, ಹ್ಯಾಂಡಲಿಗೆ ನೇತುಹಾಕಿಕೊಂಡು ಹೊರಟ.