ಚನಿಯಪ್ಪ ಎಣಿಸದ ಬೈರಾಸು

ಬೆಳ್ತಂಗಡಿಯ ಸುತ್ತಮುತ್ತ ಹಳೆಯ ಮನೆಯ ಬಚ್ಚಲಿಗೆ ಬಾಯ್ಲರ್ ಕೂರಿಸಬೇಕೆಂದರೆ ಜನ ನೆರಿಯ ಊರಿನ ಚನಿಯಪ್ಪನಿಗೆ ಫೋನ್ ಮಾಡುತ್ತಾರೆ. ಕೆಳಗೆ ಸೌದೆ ಉರಿಸಿ ನೀರು ಕಾಯಿಸುವ ತಾಮ್ರದ ಬಾಯ್ಲರ್ ಅದು. ಹಳೆಯ ವೈರಿಂಗು ಗೀಸರನ್ನು ತಾಳಿಕೊಳ್ಳದ ಮನೆಗಳಿಗೆ ಈಗಲೂ ಅದೇ ಗತಿ.

ಮೂವತ್ತು ವರ್ಷದಿಂದ ಈ ಕೆಲಸದಲ್ಲಿರುವ ಚನಿಯಪ್ಪ, ಮನೆಯಲ್ಲಿ ಎಷ್ಟು ಜನ ಎಂದು ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಮುಂಬೈಯಲ್ಲಿರುವ ಭಾವನನ್ನೂ ಸೇರಿಸಿ ಹೇಳುತ್ತಾರೆ. ಅವನು ಸೀದಾ ಹಿತ್ತಿಲಿಗೆ ಹೋಗಿ ಹಗ್ಗದ ಮೇಲೆ ಒಣಗುವ ಬೈರಾಸು ಎಣಿಸುತ್ತಾನೆ. ಮೈ ಒರೆಸುವ ಬಟ್ಟೆ ಸುಳ್ಳು ಹೇಳುವುದಿಲ್ಲವಂತೆ. ಒಂದು ಬೈರಾಸಿಗೆ ಹತ್ತು ಲೀಟರ್, ಅಲ್ಲಿಗೆ ಮಾತು ಮುಗಿಯಿತು. ಕಳೆದ ವರ್ಷದವರೆಗೆ, ಅವನು ಕೂರಿಸಿದ ಬಾಯ್ಲರ್ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಯಾರೂ ದೂರಿದ್ದಿಲ್ಲ. ಅದೊಂದು ಹೆಮ್ಮೆ ಅವನಿಗೆ, ಸ್ವಲ್ಪ ಜಾಸ್ತಿಯೇ.

ಕಳೆದ ವರ್ಷ ಶ್ರೀಮತಿ ಎಂಬ ಹೆಸರಿನ ನಿವೃತ್ತ ಟೀಚರ ಮನೆಯ ಹಂಡೆಯ ತಳ ಸೋರಿತು. ಅದು ಅವರ ಮಾವನ ಕಾಲದ ಮನೆ, ಬಚ್ಚಲಿಗೆ ಮಣ್ಣಿನ ಗೋಡೆ. ಚನಿಯಪ್ಪ ಹಿತ್ತಿಲಿಗೆ ಹೋಗಿ ಬಂದ.

"ನಾಲ್ವತ್ತು ಲೀಟರಿಂದು ಸಾಕು ಟೀಚರ್."

"ಎಂಬತ್ತರದ್ದು ಹಾಕಿ ಚನಿಯಪ್ಪ."

"ನಾಲ್ಕು ಬೈರಾಸಿಗೆ ಎಂಬತ್ತು ಎಂತಕ್ಕೆ? ಸೌದೆ ಸುಮ್ಮನೆ ಹಾಳು. ಆ ಉರಿಗೆ ನಿಮ್ಮ ಗೋಡೆಯೂ ಬಿರುಕು ಬಿಡ್ತದೆ. ಯಾರಿಗೆ ಬೇಕು ಅಂತ ಹೇಳಿ, ಹಾಕ್ತೇನೆ."

ಟೀಚರ್ ಬಾಯಿ ತೆರೆದರು, ಮತ್ತೆ ಮುಚ್ಚಿದರು. ಮೂವತ್ತು ವರ್ಷ ಮಕ್ಕಳ ಬಾಯಿ ಮುಚ್ಚಿಸಿದವರು ಈಗ ಅಂಗಳದ ಕಡೆ ನೋಡುತ್ತಾ, "ಆಯ್ತು, ನಿಮಗೆ ಸರಿ ಕಂಡದ್ದನ್ನು ಹಾಕಿ" ಎಂದರು. ಚನಿಯಪ್ಪ ಗೆದ್ದ. ನಾಲ್ವತ್ತು ಲೀಟರಿನದು ಕೂತಿತು.

ಅವನ ಈ ಹಟಕ್ಕೆ ಕಾರಣ ಅವನ ಮನೆಯಲ್ಲೇ ಇತ್ತು. ಅದಕ್ಕೂ ಎರಡು ವರ್ಷದ ಹಿಂದೆ ಮಗಳು ಮೋಕ್ಷಿತಾ ಬಸುರಿಯಾದಾಗ, ಐದನೇ ತಿಂಗಳಲ್ಲೇ ಅವನು ಎಂಬತ್ತು ಲೀಟರಿನ ಬಾಯ್ಲರ್ ತಂದಿಟ್ಟಿದ್ದ. ಹೆರಿಗೆಗೆ ತವರಿಗೆ ಬರುವ ಮಗಳಿಗೆ ಬಾಣಂತಿ ಸ್ನಾನದ ಬಿಸಿನೀರು ಕಡಿಮೆಯಾಗಬಾರದಲ್ಲ! ಜೀಪಿನಲ್ಲಿ ತರುವಾಗ ದಾರಿಯುದ್ದಕ್ಕೂ ಕಂಡಕಂಡವರಿಗೆಲ್ಲ ಹೇಳಿದ್ದ. ಮರುತಿಂಗಳು ಮಗು ಹೊಟ್ಟೆಯಲ್ಲೇ ಹೋಯಿತು. ಆ ಬಾಯ್ಲರ್ ಗೋಣಿ ಸುತ್ತಿಕೊಂಡು ಕೊಟ್ಟಿಗೆಯ ಮೂಲೆ ಸೇರಿತು. ಅಂದಿನಿಂದ ಹಗ್ಗದ ಮೇಲೆ ಇಲ್ಲದವರ ಲೆಕ್ಕಕ್ಕೆ ಅವನು ಒಂದು ತಂಬಿಗೆ ನೀರನ್ನೂ ಸೇರಿಸಿದವನಲ್ಲ.

ನಾಲ್ಕು ತಿಂಗಳು ಕಳೆದು ಟೀಚರ ಫೋನ್ ಬಂತು. "ಒಮ್ಮೆ ಬಂದು ನೋಡಿ" ಎಂದರು, ಅಷ್ಟೇ.

ಹೋದವನು ಅಭ್ಯಾಸಬಲದಿಂದ ಹಿತ್ತಿಲಿಗೇ ನಡೆದ. ಹಗ್ಗದ ತುಂಬ ಅಂಗೈಯಗಲದ ಬಟ್ಟೆಗಳು. ಎಣಿಸಲು ಎತ್ತಿದ ಬೆರಳನ್ನು ಕೆಳಗಿಳಿಸಿದ. ಟೀಚರ ಮಗಳು ಅಶ್ವಿತಾ ಹೆತ್ತು ಹನ್ನೆರಡು ದಿನ. ಬಾಣಂತಿಯನ್ನು ಮೀಯಿಸಲು ಬರುವ ಪೂವಮ್ಮ ಬಚ್ಚಲ ಬಾಗಿಲಲ್ಲೇ ಅವನನ್ನು ಹಿಡಿದಳು.

"ನೀವಾ ಇದನ್ನು ಕೂರಿಸಿದ್ದು? ಬೆನ್ನಿಗೆ ನೀರು ಹಾಕುವಾಗ ಬಿಸಿ ಮುಗೀತದೆ. ಪುನಃ ಕಾಯುವಷ್ಟು ಹೊತ್ತು ಆ ಹುಡುಗಿ ಒದ್ದೆ ಮೈಯಲ್ಲಿ ನಡುಗಿಕೊಂಡು ಕೂತಿರ್ತಾಳೆ. ದಿನಾ ಇದೇ ಕತೆ."

ಚನಿಯಪ್ಪನಿಗೆ ನಾಚಿಕೆಯಾಯಿತು. ಟೀಚರ ಮುಖ ನೋಡದೆ ಕೇಳಿದ, "ಒಂದು ಮಾತು ಹೇಳಬಹುದಿತ್ತಲ್ಲ ಟೀಚರ್?"

"ಅಶ್ವಿತಾಳಿಗೆ ಮೊದಲು ಎರಡು ಸಲ ಹೋಗಿದೆ ಚನಿಯಪ್ಪ. ಈ ಸಲ ಮಗು ಕೈಗೆ ಬರುವವರೆಗೆ ಯಾರ ಹತ್ರವೂ ಹೇಳುವುದಿಲ್ಲ ಅಂತ ನಾನು, ಅವಳು ಮಾತಾಡಿಕೊಂಡಿದ್ದೆವು."

ಊರಿಗೆಲ್ಲ ಸಾರಿ ಕಳೆದುಕೊಂಡವನಿಗೆ, ಹೆದರಿ ಸುಮ್ಮನಿದ್ದವರು ಕಣ್ಣೆದುರು ನಿಂತಿದ್ದರೂ ಅರ್ಥವಾಗಿರಲಿಲ್ಲ.

ಎಂಬತ್ತರದ್ದು ಅಂಗಡಿಯಲ್ಲಿ ತಯಾರಿರುವುದಿಲ್ಲ, ಹೇಳಿ ಮಾಡಿಸಲು ಹತ್ತು ದಿನ ಬೇಕು. ತಯಾರಿರುವುದು ಒಂದೇ, ತನ್ನ ಕೊಟ್ಟಿಗೆಯಲ್ಲಿ. ಅದು ಯಾರಿಗೆಂದು ತಂದದ್ದು, ಏನಾಯಿತು ಎಲ್ಲವನ್ನೂ ಟೀಚರಿಗೆ ಹೇಳಿದ. ಅಂಥದ್ದು ಈ ಮನೆಗೆ ಬೇಡವೆಂದರೆ ಬೇಜಾರಿಲ್ಲ ಎಂದೂ ಹೇಳಿದ.

"ನಮಗೇನೂ ಇಲ್ಲ" ಎಂದರು ಟೀಚರ್. "ನಿಮ್ಮ ಮಗಳನ್ನು ಕೇಳಿ. ಅದು ಅವಳದ್ದಲ್ವಾ?"

ಕೇಳುವುದೇ ಕಷ್ಟವಾಗಿತ್ತು. ಎರಡು ವರ್ಷದಿಂದ ಅಪ್ಪ ಮಗಳು ಆ ಬಾಯ್ಲರಿನ ಮಾತೆತ್ತಿರಲಿಲ್ಲ. ಅಂಗಳದ ಮೂಲೆಗೆ ಹೋಗಿ, ಮೂಡುಬಿದಿರೆಯ ಗಂಡನ ಮನೆಯಲ್ಲಿದ್ದ ಮೋಕ್ಷಿತಾಳಿಗೆ ಫೋನ್ ಮಾಡಿ ವಿಷಯ ಹೇಳಿದ. ಹೇಳಿ ಮುಗಿಸುತ್ತಲೇ, ಕೇಳಬಾರದಿತ್ತೆಂದು ತನ್ನನ್ನೇ ಬೈದುಕೊಂಡ.

"ಕೊಡಿ ಅಪ್ಪ" ಎಂದಳು ಮಗಳು. "ಪಾಪ, ಅವರು ಯಾಕೆ ಚಳಿಯಲ್ಲಿ ಕೂತ್ಕೊಳ್ಬೇಕು? ನನಗೆ ಹೊಸತು ಮಾಡಿಸಿ. ಮಳೆಗಾಲ ಶುರುವಾಗುವಾಗ ಬೇಕಾಗ್ತದೆ."

ಚನಿಯಪ್ಪ ಪಾಗಾರದ ಗೋಡೆಗೆ ಕೈಯೂರಿದ.

"ಅಪ್ಪ, ಕೇಳ್ತಾ ಉಂಟಾ? ಈ ಸಲ ಯಾರ ಹತ್ರವೂ ಹೇಳ್ಬೇಡಿ."

ಸಂಜೆಯೊಳಗೆ ದೊಡ್ಡ ಬಾಯ್ಲರ್ ಟೀಚರ ಬಚ್ಚಲಲ್ಲಿ ಕೂತಿತು. ಗೋಡೆ ಬಿರುಕು ಬಿಡದಂತೆ ಒಲೆಯ ಹಿಂದೆ ಇಟ್ಟಿಗೆಯ ಸಾಲೊಂದನ್ನು ಕಟ್ಟಿಕೊಟ್ಟ. ಮರುದಿನ ಬೆಳಿಗ್ಗೆ ತಾನೇ ಬಂದು ಉರಿ ಹಾಕಿ, ಸ್ನಾನ ಮುಗಿಯುವವರೆಗೆ ಅಂಗಳದಲ್ಲಿ ಕೂತ. ಪೂವಮ್ಮ ಬೆವರು ಒರೆಸುತ್ತಾ ಹೊರಗೆ ಬಂದು, "ಇನ್ನೂ ನೀರುಂಟು ಮಾರಾಯ್ರೆ" ಎಂದಳು. ಆಮೇಲೆ ಅವನು ಬಿ.ಸಿ.ರೋಡಿನ ಬಸ್ಸು ಹತ್ತಿದ.

ಅಲ್ಲಿನ ಬಾಯ್ಲರ್ ಅಂಗಡಿಯ ಅಬ್ದುಲ್ ರಹಿಮಾನ್ ಚೀಟಿ ಬರೆಯುತ್ತಾ ನಕ್ಕರು. "ಎಂಬತ್ತರದ್ದಾ? ನೀವಾ? ಯಾರ ಮನೆಗೆ ಮಾರಾಯ್ರೆ?"

ಚನಿಯಪ್ಪನ ನಾಲಗೆ ತುದಿಗೆ ಎಲ್ಲವೂ ಬಂದಿತ್ತು.

"ಒಬ್ಬರು ಗಿರಾಕಿಗೆ" ಎಂದ.