ಹೋಗ್ತೇವಿ ಅನ್ನಬೇಕಂತೆ

ಇಳಕಲ್ಲಿನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟವಲ್ಲ, ಮಗ್ಗ ಇಟ್ಟುಕೊಂಡವರಿಗೆ ಸಿಗುವುದು ಕಷ್ಟ. ನಮ್ಮದು ಕುಣಿಮಗ್ಗ. ನೆಲ ಅಗೆದು, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು. ನೆಲ ಅಗೆಯುತ್ತೇವೆ ಎಂದರೆ ಸಾಕು, ಮಾಲೀಕರಿಗೆ ನಾವು ಅಲ್ಲೇ ಬೇರು ಬಿಡಲು ಬಂದವರಂತೆ ಕಾಣುತ್ತೇವೆ. ಕುಣಿ ಮೊದಲೇ ಇದ್ದ ಮನೆ ಸಿಕ್ಕಿದ್ದು ಒಂದೇ. ಅದರ ಒಡತಿ, ಗಂಡ ತೀರಿದ ಮೇಲೆ ಬಾಗಲಕೋಟೆಯಲ್ಲಿ ತಮ್ಮನ ಮನೆ ಸೇರಿದ್ದ ಹಿರಿಯ ಹೆಂಗಸು. ನಾವು ಅಕ್ಕಾರು ಎನ್ನುತ್ತಿದ್ದೆವು.

ಬಾಡಿಗೆಯವರು ಬಹಳ ದಿನ ಕೂತರೆ ಮನೆ ಅವರದೇ ಆಗುತ್ತದೆ ಎಂದು ಯಾರೋ ಅವರ ಕಿವಿಯೂದಿದ್ದರು. ಹನ್ನೊಂದು ತಿಂಗಳ ಕರಾರು ಎಲ್ಲ ಕಡೆಯೂ ಇರುವುದೇ. ಅಕ್ಕಾರದು ಅದಕ್ಕೂ ಮೇಲೆ ಒಂದು ಕಟ್ಟಳೆ: ಕರಾರು ಮುಗಿದಾಗ ಒಂದು ದಿನ ನಾವು ಮನೆ ಖಾಲಿ ಮಾಡಬೇಕು, ಅವರು ಬಂದು ಕೀಲಿ ಹಾಕಬೇಕು, ಮರುದಿನ ಹೊಸ ಕರಾರು. ಯಾವ ಕಾಯ್ದೆಯಲ್ಲಿ ಹೀಗಿದೆ ಎಂದು ಕೇಳಿದರೆ, ನನ್ನ ಕಾಯ್ದೆ ಎನ್ನುತ್ತಿದ್ದರು.

ನನ್ನ ಗುಮಾನಿಯೇ ಬೇರೆ. ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಬಂದವರು ಹೆಚ್ಚು ಬಾಡಿಗೆ ಕೊಡುತ್ತಾರೆ. ಒಮ್ಮೆ ಹೊರಬಿದ್ದರೆ ಆ ಕೀಲಿ ನಮಗಾಗಿ ತೆರೆಯುವುದಿಲ್ಲ. ಅನುಮಾನಕ್ಕೆ ಮದ್ದಿಲ್ಲ ಎನ್ನುತ್ತಾರಲ್ಲ, ನಮ್ಮಿಬ್ಬರಿಗೂ ಅದೇ ರೋಗ.

ಮೊದಲ ಕರಾರು ಮುಗಿದಾಗ ಮಗ್ಗದ ಮೇಲೆ ಸೀರೆ ಅರ್ಧ ಆಗಿತ್ತು. ಸೆರಗಿನ ಎಳೆಗೆ ಒಡಲಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿದ ಹಾಸು ಅದು, ಬಿಚ್ಚಿದರೆ ಎಲ್ಲವೂ ಹಾಳು. ಅಕ್ಕಾರು ಯೋಚಿಸಿ, ಪಾತ್ರೆ ಬಟ್ಟೆ ಹೊರಗೆ ಹೋಗಲಿ, ಮಗ್ಗ ಇರಲಿ, ಆದರೆ ಆ ದಿನ ತಾನೇ ಒಳಗೆ ಇರುತ್ತೇನೆ ಎಂದರು. ಒಂದು ಕತ್ತರಿ ಆಡಿದರೆ ನಮ್ಮ ಅನ್ನ ಹೋಯಿತು.

ಹೊರಡುವಾಗ ನನ್ನ ಗಂಡ ರೂಢಿಯಂತೆ "ಬರ್ತೇವ್ರಿ ಅಕ್ಕಾರ" ಎಂದರು. ಅವರ ಮುಖ ಬಿಗಿಯಿತು.

"ಬರ್ತೇವಿ ಅನಬ್ಯಾಡ್ರಿ. ಖಾಲಿ ಮಾಡಿದವ್ರು ಹೋಗ್ತೇವಿ ಅನಬೇಕು."

ನಮ್ಮ ಕಡೆ ಹೊಸ್ತಿಲಲ್ಲಿ ನಿಂತು ಆ ಮಾತನ್ನು ಯಾರೂ ಆಡುವುದಿಲ್ಲ, ಹೋಗುವವರು ಸತ್ತವರು. ನನಗೆ ಮೈಯೆಲ್ಲ ಉರಿಯಿತು. ಗಂಡ ಒಮ್ಮೆ ಮಗ್ಗದ ಕಡೆ ನೋಡಿ, ತಲೆ ತಗ್ಗಿಸಿ, "ಹೋಗ್ತೇವ್ರಿ" ಎಂದರು. ನಾನು ಹೇಳಲಿಲ್ಲ.

ನಾದಿನಿಯ ಮನೆಯಲ್ಲಿ ಇದ್ದು, ಮರುದಿನ ಬೆಳಿಗ್ಗೆ ಚಹಾ ಕೂಡ ಕುಡಿಯದೆ ಓಡಿ ಬಂದೆ. ಬಾಗಿಲು ತೆರೆದಿತ್ತು. ಅಕ್ಕಾರು ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದರು. ನಾನು ಅವರನ್ನು ಮಾತಾಡಿಸುವ ಮೊದಲು ಹಾಸಿನ ಮೇಲೆ ಕೈಯಾಡಿಸಿದೆ. ಒಂದೆಳೆಯೂ ಕಡಿದಿರಲಿಲ್ಲ.

"ನಮ್ಮವ್ರು ನೇಯ್ತಿದ್ದ ಕುಣಿ ಇದು," ಎಂದರು. "ತಮ್ಮನ ಮನ್ಯಾಗ ನಂಗ ಒಂದು ಮೂಲಿ ಕೊಟ್ಟಾರ, ತಂಗಿ. ನಿನ್ನೆ ಹಾಸಿಗಿ ಎಲ್ಲಿ ಹಾಸ್ಲಿ ಅಂತ ಯಾರನ್ನೂ ಕೇಳ್ಲಿಲ್ಲ ನಾ."

ಆಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ಕೀಲಿಕೈ ನನ್ನ ಕೈಗಿಟ್ಟರು. ಮುಂದಿನ ಕರಾರನ್ನು ಆರೇ ತಿಂಗಳಿಗೆ ಮಾಡೋಣವೇ ಎಂದು ಕೇಳಿದರು. ಬಾಡಿಗೆ ಏರಿಸಲಿಕ್ಕೇ ಇರಬೇಕು ಎಂದು ನನಗೆ ಕೂಡಲೇ ಹೊಳೆಯಿತು, ಅದು ಮುಖದಲ್ಲೂ ಕಂಡಿರಬೇಕು.

"ಬಾಡಗಿ ಇದ್ದಷ್ಟ ಇರ್ಲಿ," ಎಂದರು ಅಕ್ಕಾರು. "ನಾ ಇಲ್ಲಿರೂ ಆ ಒಂದು ದಿನ ಲಗೂ ಬಂದ್ರ ಸಾಕ."