ಶಿವಕ್ಕನ ಸಿಚುವಾನ್ ಬಾಡು

ನನ್ನ ಗಂಡ ಶಶಿಕಾಂತನ ಹೆಸರಿನಲ್ಲಿ ಅಟ್ಲಾಂಟಾ ಸುತ್ತಮುತ್ತಲ ಕನ್ನಡದವರ ನಡುವೆ ಒಂದು ಅಡುಗೆ ಹೆಸರುವಾಸಿಯಾಗಿದೆ. ಸಿಚುವಾನ್ ಬೀಫ್. ಲಾರೆನ್ಸ್‌ವಿಲ್‌ಗೆ ನಮ್ಮ ಮನೆಗೆ ಹೋದವರು ಶಶಿಯ ಕೈಯ ಬೀಫ್ ತಿನ್ನದೆ ಬರಬಾರದಂತೆ. ಶಶಿಯ ಕೈಯಂತೆ, ಕೈ! ಆ ಕೈಗೆ ಒಂದು ಈರುಳ್ಳಿಯನ್ನು ನೆಟ್ಟಗೆ ಹೆಚ್ಚಲು ಬರುವುದಿಲ್ಲ. ಅಡುಗೆ ಮಾಡುವುದು ನನ್ನ ಅತ್ತೆ ಶಿವಕ್ಕ. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಮೂರು ವರ್ಷ ಹಿಡಿಯಿತು, ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ. ಅವನ ಮೇಲೆ ಇರುವಷ್ಟಲ್ಲ ಬಿಡಿ.

ಅತ್ತೆ ನಂಜನಗೂಡಿನ ಕಡೆಯ ಹಳ್ಳಿಯೊಂದರಲ್ಲಿ ಇಪ್ಪತ್ತಾರು ವರ್ಷ ಅಂಗನವಾಡಿ ಸಹಾಯಕಿಯಾಗಿದ್ದವರು. ನಾವು ದಲಿತರು. ಕೆಲಸಕ್ಕೆ ಸೇರಿದ ಮೊದಲ ದಿನ ಅವರು ಮಕ್ಕಳಿಗೆ ಉಪ್ಪಿಟ್ಟು ಮಾಡಿದರಂತೆ. ಹನ್ನೊಂದು ಗಂಟೆಗೆ ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ಬಂದು, ಬಾಗಿಲಾಚೆಯೇ ನಿಂತು, ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ಯಾರೂ ಬೈಯಲಿಲ್ಲ, ಜಗಳ ಆಡಲಿಲ್ಲ. ಅತ್ತೆ ತುಂಬಿದ ಪಾತ್ರೆಯನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದರು. ಮರುದಿನವೂ ಹಾಗೆಯೇ. ಇಪ್ಪತ್ತೆರಡು ದಿನ ಆ ಪಾತ್ರೆ ತುಂಬಿದ್ದು ತುಂಬಿದ ಹಾಗೇ ಕೇರಿಗೆ ವಾಪಸ್ಸಾಯಿತು. ಐದು ವರ್ಷದ ಶಶಿಕಾಂತ ಆ ಉಪ್ಪಿಟ್ಟು ತಿಂದೇ ಆ ತಿಂಗಳು ಕಳೆದವನು. ಆಮೇಲೆ ಒಂದೊಂದೇ ಮಗು ಉಳಿಯತೊಡಗಿತು, ಆದರೆ ಚೆನ್ನಾಗಿದೆ ಎಂದು ಹೇಳಿ ಕಳಿಸಿದ ತಾಯಿ ಒಬ್ಬಳೂ ಇಲ್ಲ.

ಈ ಕತೆಯನ್ನು ಅತ್ತೆ ಅಳುತ್ತಾ ಹೇಳುವವರಲ್ಲ. ಕಾಳು ಆರಿಸುತ್ತಾ, ನಡುನಡುವೆ ನಗುತ್ತಾ ಹೇಳುತ್ತಾರೆ. ಒಂದೇ ಒಂದು ಸಲ ಮಾತ್ರ ನನ್ನ ಹತ್ತಿರ ಆಸೆ ತೋಡಿಕೊಂಡರು. "ನಾ ಸಾಯಕ್ ಮುಂಚೆ ಒಂದ್ಸಲ, ನಾಕ್ ಜನ ಕೂತಿರೋ ಕಡೆ, ಇದು ಶಿವಕ್ಕ ಮಾಡಿದ್ದು ಅಂತ ಗೊತ್ತಿದ್ದೂ ಉಣ್ಬೇಕು ಕಣವ್ವ. ಅಷ್ಟೇಯ." ಕೇಳಿದ್ದು ಇಷ್ಟೇ. ಬಂಗಾರ ಕೇಳಲಿಲ್ಲ, ಕಾಶಿಗೆ ಕರೆದುಕೊಂಡು ಹೋಗು ಎನ್ನಲಿಲ್ಲ.

ಮಾವ ತೀರಿಕೊಂಡ ಮೇಲೆ, 2021ರಲ್ಲಿ, ಅತ್ತೆ ಗ್ರೀನ್ ಕಾರ್ಡ್ ಪಡೆದು ನಮ್ಮ ಮನೆಗೆ ಬಂದರು. ಆ ಹೊತ್ತಿಗೆ ಶಶಿಕಾಂತ ಸಿಟಿಜನ್ ಆಗಿದ್ದ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅವನಿಗೆ ವೀಸಾ ಹೋಗುವ ಹೆದರಿಕೆ ಇರಲಿಲ್ಲ. ಯಾರೋ ಕೆಲಸದಿಂದ ಕಿತ್ತುಹಾಕುತ್ತಾರೆ ಎಂಬ ಹೆದರಿಕೆಯೂ ಇರಲಿಲ್ಲ. ನಾವು ಯಾರು ಎಂಬುದು ಈ ಊರಿನ ಕನ್ನಡದವರಿಗೆ ತಿಳಿಯಬಾರದು, ಅಷ್ಟೇ ಅವನ ಹಟ.

ಮಾರನೆಯ ವರ್ಷ ಅವನಿಗೆ ಅಡುಗೆಯ ಹುಚ್ಚು ಹತ್ತಿತು. ಯಾವುದೋ ವಿಡಿಯೋ ನೋಡಿ ದೊಡ್ಡ ಚೈನೀಸ್ ಬಾಣಲೆ ತಂದ. ಡುಲೂತ್‌ನ ಚೈನೀಸ್ ಅಂಗಡಿಯಿಂದ ಹುದುಗಿಸಿದ ಬೀನ್ಸ್ ಮತ್ತು ಮೆಣಸಿನಕಾಯಿಯ ಕೆಂಪು ಪೇಸ್ಟ್ ತಂದ, ಸಿಚುವಾನ್ ಮೆಣಸು ತಂದ. ಬೀಫನ್ನು ಹಸಿಹಸಿಯಾಗಿಯೇ ಬಾಣಲೆಗೆ ಸುರಿದ. ಅದು ನೀರು ಬಿಟ್ಟು, ಬೆಂದು, ಕೊನೆಗೆ ಹಲ್ಲಿಗೆ ಸಿಗದ ರಬ್ಬರ್ ಆಯಿತು. ಪೇಸ್ಟನ್ನು ಹೊಗೆಯಾಡುವ ಎಣ್ಣೆಗೆ ಹಾಕಿ ಸೀಯಿಸಿದ. ಹೊಗೆಗೆ ಅಲಾರಂ ಬಡಿದುಕೊಳ್ಳತೊಡಗಿತು.

ಅತ್ತೆ ಕೆಮ್ಮುತ್ತಾ ಬಂದು ಬಾಣಲೆಯಲ್ಲಿನ ಮಾಂಸ ನೋಡಿದರು.

"ಇದೇನ್ ಮಗ, ಬಾಡಿಗೆ ಸ್ನಾನ ಮಾಡಿಸ್ತಾ ಇದ್ದೀಯ?"

"ಅವ್ವ, ಇದು ಸಿಚುವಾನ್ ಸ್ಟೈಲ್. ನಿಂಗೆ ಗೊತ್ತಾಗಲ್ಲ."

"ಬಾಡು ನಂಗೆ ಗೊತ್ತಾಗಲ್ವಾ?" ಎಂದರು ಅತ್ತೆ. ನನಗೆ ನಗು ತಡೆಯಲಾಗಲಿಲ್ಲ.

ಮುಂದಿನ ವಾರ ನನ್ನ ಜೊತೆ ಅಂಗಡಿಗೆ ಬಂದರು. ಮಾಂಸದ ಕೌಂಟರಿನ ಚೈನೀಸ್ ಮುದುಕನಿಗೆ ತಮ್ಮದೇ ತೊಡೆ ತಟ್ಟಿ, ಎಲ್ಲಿಂದ ಎಲ್ಲಿಯವರೆಗೆ ಬೇಕೆಂದು ಬೆರಳಲ್ಲಿ ಗೆರೆ ಎಳೆದು ತೋರಿಸಿದರು. ಅವನು ತಲೆಯಾಡಿಸಿ ಸರಿಯಾದ ತುಂಡನ್ನೇ ಕೊಟ್ಟ. ಮನೆಗೆ ಬಂದು ಬಾಡನ್ನು ಎಳೆಯ ಉದ್ದಕ್ಕೇ ಬೆರಳಗಲದ ಪಟ್ಟಿಗಳಾಗಿ ಸೀಳಿ, ಉಪ್ಪು ಅರಿಸಿನ ಸವರಿ, ನೂಲಿಗೆ ಪೋಣಿಸಿ ಗ್ಯಾರೇಜಿನಲ್ಲಿ ಕಟ್ಟಿದರು. ಕೆಳಗೆ ಫ್ಯಾನ್ ಇಟ್ಟರು. ನಮ್ಮ ಕೇರಿಯಲ್ಲಿ ಮಿಕ್ಕ ಬಾಡನ್ನು ಸೂರಿಗೆ ಕಟ್ಟಿ ಒಣಗಿಸುತ್ತಿದ್ದ ಕೊರಬಾಡಿನ ಕ್ರಮ ಅದು. ಅಲ್ಲಿ ದಿನಗಟ್ಟಲೆ ಬಿಸಿಲು, ಇಲ್ಲಿ ಅರ್ಧ ದಿನದ ಫ್ಯಾನ್ ಗಾಳಿ. ನೀರೆಲ್ಲ ಆರಿದ ಆ ಪಟ್ಟಿಗಳನ್ನು ಎಣ್ಣೆಯ ಗುಳ್ಳೆ ನಿಲ್ಲುವ ತನಕ ಹುರಿದರು. ಉರಿ ಸಣ್ಣ ಮಾಡಿ ಕೆಂಪು ಪೇಸ್ಟ್, ಶುಂಠಿ, ಒಣಮೆಣಸು, ಸೆಲರಿ ದಂಟು ಹಾಕಿದರು. ಕೊನೆಗೆ ಸಿಚುವಾನ್ ಮೆಣಸಿನ ಒಂದು ಕಾಳು ಬಾಯಿಗೆ ಹಾಕಿ ನೋಡಿ, "ಅಯ್ಯಯ್ಯಪ್ಪ, ನಾಲ್ಗೆ ಜೋಮು ಹಿಡ್ಕತು!" ಎಂದು ಕುಣಿದಾಡಿ, ಆಮೇಲೆ ಒಳಗಿನ ಕರಿ ಬೀಜ ತೆಗೆದು, ಸಿಪ್ಪೆ ಮಾತ್ರ ಹುರಿದು ಕುಟ್ಟಿ ಉದುರಿಸಿದರು. ನಾನು ಎರಡು ತಟ್ಟೆ ಅನ್ನ ಉಂಡೆ.

ಅಲ್ಲಿಂದ ಶಶಿಕಾಂತನ ಶನಿವಾರಗಳು ಶುರುವಾದವು. ಅತ್ತೆ ಬೆಳಗ್ಗೆಯಿಂದ ಕೂತು, ಸಂಜೆ ನಾಲ್ಕಕ್ಕೆಲ್ಲ ಬಾಡು ಮುಗಿಸಬೇಕು. ಮಿಂದು, ಸೀರೆ ಬದಲಿಸಿ, ಮಹಡಿಯ ಕೋಣೆಗೆ ಹೋಗಬೇಕು. "ಅವ್ವ, ನೀನು ರೆಸ್ಟ್ ಮಾಡು, ಅವ್ರ ಮಾತೆಲ್ಲ ನಿಂಗೆ ಬೋರ್ ಆಗುತ್ತೆ" ಅನ್ನುತ್ತಿದ್ದ. ಐದಕ್ಕೆ ಊಟಕ್ಕೆ ಕರೆದ ಕನ್ನಡದವರು ಬರುವಾಗ ಈ ಮಹಾನುಭಾವ ಏಪ್ರನ್ ಕಟ್ಟಿಕೊಂಡು, ಆಗಲೇ ಆಗಿ ಕೂತಿದ್ದ ಬಾಡನ್ನು ಸೌಟಿನಲ್ಲಿ ತಿರುವುತ್ತಾ ಹಣೆ ಒರೆಸಿಕೊಳ್ಳುತ್ತಿದ್ದ. ಬೆವರಿರಲಿಲ್ಲ, ಬರೀ ನಾಟಕ. ಅದನ್ನು ನೋಡಿ ನನ್ನ ಮೈಯೆಲ್ಲ ಉರಿಯುತ್ತಿತ್ತು, ಆದರೂ ಹಲ್ಲು ಕಿರಿದುಕೊಂಡು ತಟ್ಟೆ ಹಂಚುತ್ತಿದ್ದೆ.

ಬರುವವರಲ್ಲಿ ಮುಖ್ಯರು ರವಿಶಂಕರ್. ಮೈಸೂರಿನವರು, ನಮಗಿಂತ ಹದಿನೈದು ವರ್ಷ ಮೊದಲು ಇಲ್ಲಿಗೆ ಬಂದವರು, ಯುಗಾದಿ ರಾಜ್ಯೋತ್ಸವ ಎಲ್ಲದಕ್ಕೂ ಮೈಕ್ ಹಿಡಿಯುವವರು. ಜನಿವಾರವೂ ಇದೆ, ಮೂರನೆಯ ಸಲ ಬಡಿಸಿಕೊಳ್ಳುವ ನಾಲಿಗೆಯೂ ಇದೆ. ಅದಕ್ಕೊಂದು ಕಾನೂನನ್ನೂ ಮಾಡಿಕೊಂಡಿದ್ದರು. "ನೋಡಿ ಸೌಮ್ಯಾ, ಇದು ಚೈನೀಸ್. ಚೈನೀಸ್ ಆದ್ರೆ ದೋಷ ಇಲ್ಲ. ನಮ್ಮ ಕಡೆಯೋರು ಮಾಡೋ ಥರ ಇದ್ರೆ ಮಾತ್ರ ಐ ಕಾಂಟ್, ವಾಸನೆಗೇ ಆಗಲ್ಲ." ಅವರ ಹೆಂಡತಿ ಮೈಥಿಲಿ ಸಸ್ಯಾಹಾರಿ. ಆಕೆ ತನ್ನ ಪಾಲಿನ ಪಲ್ಯವನ್ನು ಡಬ್ಬಿಯಲ್ಲೇ ತರುತ್ತಿದ್ದಳು.

ಮಹಡಿಯ ಮೆಟ್ಟಿಲ ತುದಿಯಲ್ಲಿ ಅತ್ತೆ ಕೂತು ಕೇಳಿಸಿಕೊಳ್ಳುತ್ತಿದ್ದರು. ಬಂದವರೆಲ್ಲ ಹೋದ ಮೇಲೆ "ಎಲ್ಲ ಬಳ್ಕಂಡ್ ಉಂಡ್ರಾ?" ಎಂದು ಖಾಲಿ ಬಾಣಲೆ ನೋಡುತ್ತಿದ್ದರು. ಅವರ ಮುಖದಲ್ಲಿ ಖುಷಿಯೂ ಇರುತ್ತಿತ್ತು, ಸುಳ್ಳೇಕೆ ಹೇಳಲಿ. ನಾನು ಶಶಿಕಾಂತನಿಗೆ ಎಷ್ಟು ಸಲ ಹೇಳಿದೆನೋ. "ಹೆಸ್ರು ಹೇಳು. ಅಮ್ಮ ಮಾಡಿದ್ದು ಅನ್ನು ಸಾಕು, ಜಾತಿ ಹೇಳ್ಬೇಡ." ಅವನದು ಒಂದೇ ಉತ್ತರ. "ಅಮ್ಮ ಮಾಡಿದ್ದು ಅಂದ್ರೆ, ನಿಮ್ಮಮ್ಮಂಗೆ ಬೀಫ್ ಮಾಡೋಕ್ ಹೇಗ್ ಬರುತ್ತೆ ಅಂತ ಕೇಳ್ತಾರೆ ಸೌಮ್ಯಾ. ಆಮೇಲೆ?" ಆಮೇಲೆ ಏನೂ ಆಗುವುದಿಲ್ಲ, ಹೇಡಿ ಎಂದು ಕಿರುಚಬೇಕೆನಿಸುತ್ತಿತ್ತು.

ಹೋದ ವರ್ಷ ಅಕ್ಟೋಬರ್‌ನ ಒಂದು ಶನಿವಾರ ರವಿಶಂಕರ್ ದಂಪತಿ ಒಂದು ಗಂಟೆ ಮೊದಲೇ ಬಂದುಬಿಟ್ಟರು. ಎಲ್ಲರ ಹಾಗೆ ಚಪ್ಪಲಿ ಬಿಡಲು ಗ್ಯಾರೇಜಿನಿಂದಲೇ ಒಳಗೆ ಬಂದರು. ಅಂದು ಅತ್ತೆ ಮಾರನೆಯ ದಿನಕ್ಕೆಂದು ಇನ್ನಷ್ಟು ಬಾಡು ಪೋಣಿಸಿದ್ದರು. ಗೋಡೆಯಿಂದ ಗೋಡೆಗೆ ಕೆಂಪು ಪಟ್ಟಿಗಳು ಫ್ಯಾನ್ ಗಾಳಿಗೆ ಅಲುಗುತ್ತಿದ್ದವು. ಮೈಥಿಲಿ "ಅಯ್ಯೋ ದೇವ್ರೇ!" ಎಂದು ಸೆರಗು ಮೂಗಿಗೊತ್ತಿದಳು.

ರವಿಶಂಕರ್ ತಲೆಯೆತ್ತಿ ನೋಡಿ ಗಟ್ಟಿಯಾಗಿ ನಕ್ಕರು. "ಏನ್ರೀ ಶಶಿ ಇದು! ನಮ್ಮಜ್ಜಿ ಊರಲ್ಲಿ ಕೇರಿ ಕಡೆ ಹೋದ್ರೆ ಮನೆಮನೆ ಸೂರಲ್ಲೂ ಹಿಂಗೇ ತೂಗ್ತಿತ್ತು. ನಾವ್ ಮೂಗ್ ಮುಚ್ಕೊಂಡು ಓಡ್ತಿದ್ವಿ. ಯಾರ್ ಕಟ್ಟಿದ್ದು ಇದನ್ನ?"

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಇನ್ನೂ ಅರಿಸಿನದ ಕಲೆ. ಶಶಿಕಾಂತ ಒಮ್ಮೆ ತಾಯಿಯನ್ನು ನೋಡಿದ, ಒಮ್ಮೆ ರವಿಶಂಕರ್ ಅವರನ್ನು ನೋಡಿದ. ಹೇಳು, ಈಗಲಾದರೂ ಹೇಳು ಎಂದು ನಾನು ಒಳಗೊಳಗೇ ಹಲ್ಲು ಕಡಿದೆ.

"ಅದು ಸಿಚುವಾನ್ ಟೆಕ್ನಿಕ್ ಸರ್," ಎಂದ. "ಆಫೀಸಲ್ಲಿ ಒಬ್ಬ ಚೈನೀಸ್ ಫ್ರೆಂಡ್ ಹೇಳ್ಕೊಟ್ಟ. ನಾನೇ ಕಟ್ಟಿದ್ದು."

ರವಿಶಂಕರ್ ಅಷ್ಟಕ್ಕೇ ಬಿಡಲಿಲ್ಲ. ಅತ್ತೆಯ ಕಡೆ ತಿರುಗಿ, "ಏನಮ್ಮಾ, ಮಗ ಮನೇಲೆಲ್ಲ ಇದನ್ನ ನೇತ್ ಹಾಕಿದಾನೆ. ನೀವೂ ತಿಂತೀರಾ?" ಎಂದರು.

ಅತ್ತೆ ಅರಿಸಿನದ ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡರು.

"ಇಲ್ಲ ಸ್ವಾಮಿ," ಎಂದರು. "ನಾವು ಅದ್ನೆಲ್ಲ ಮುಟ್ಟಲ್ಲ."

ಮೈಥಿಲಿಗೆ ಜೀವ ಬಂದಂತಾಯಿತು. "ನೋಡಿ, ಆಂಟೀನೂ ನಮ್ ಥರಾನೇ!" ಎಂದು ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ತನ್ನ ಡಬ್ಬಿಯ ಬೀನ್ಸ್ ಪಲ್ಯ ಬಡಿಸಿದಳು. ಮೊದಲ ಸಲ ಅತ್ತೆಗೆ ಆ ಮೇಜಿನಲ್ಲಿ ಜಾಗ ಸಿಕ್ಕಿತು. ಎದುರಿಗೆ ಎಲ್ಲರೂ ಅವರ ಬಾಡನ್ನು ಬೆರಳು ಚೀಪಿಕೊಂಡು ತಿನ್ನುತ್ತಿದ್ದರು, ಅವರು ಉಪ್ಪಿಲ್ಲದ ಬೀನ್ಸ್ ನುಂಗುತ್ತಿದ್ದರು. ನಾನೂ ಬಾಯಿ ಬಿಡಲಿಲ್ಲ. ಅವರು ಮಗನಿಗಾಗಿ ಹೇಳಿದ ಸುಳ್ಳನ್ನು ನಾನು ಹೇಗೆ ಒಡೆಯಲಿ?

ಮುಂದಿನ ಶನಿವಾರಕ್ಕೆ ಶಶಿಕಾಂತ ಮತ್ತೆ ಎಂಟು ಜನರನ್ನು ಕರೆದ. ನಾಚಿಕೆ ಅನ್ನುವುದು ಮನುಷ್ಯನಿಗೆ ಎಳ್ಳಷ್ಟಾದರೂ ಇರಬೇಡವೇ? ಬೆಳಗ್ಗೆ ಬಾಡು ತಂದು ಕಟ್ಟೆಯ ಮೇಲಿಟ್ಟ. ಅತ್ತೆ ಕೆಳಗೆ ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಅವನು ಮೇಲೆ ಹೋದ, ಹಿಂದೆಯೇ ನಾನೂ ಹೋದೆ. ಅತ್ತೆ ಮಂಚದ ಮೇಲೆ ಕೂತು ಸೀರೆ ಮಡಚುತ್ತಿದ್ದರು.

"ಅವ್ವ, ಲೇಟಾಯ್ತು. ಬಾಡು ಒಣಗಬೇಕಲ್ಲ?"

"ನಾವ್ ಮುಟ್ಟಲ್ಲ ಅಂದ್ಬುಟ್ಟಿದ್ದೀನಲ್ಲ ಮಗ."

"ಅಯ್ಯೋ, ಅದು ಅವ್ರ ಮುಂದೆ ಹೇಳಿದ್ದು ಕಣವ್ವ!"

"ನಾನು ಇನ್ಯಾರ್ ಮುಂದೆ ಹೇಳ್ಲಿ? ಅವ್ರ ಮುಂದೆ ನೀನು ಹೇಳ್ಬುಡು, ಮಾಡೋಳು ನಮ್ಮವ್ವ ಅಂತ. ಈಗ್ಲೇ ಬತ್ತೀನಿ. ಇಲ್ದಿದ್ರೆ ಬಾಡು ನಿಂದು, ಬಾಣ್ಲೆ ನಿಂದು."

ಅವನು ಬಾಗಿಲಲ್ಲಿ ನಿಂತ. ಆಮೇಲೆ ಕೆಳಗಿಳಿದು ಹೋಗಿ, ಬಾಡನ್ನು ಫ್ರಿಜ್ಜಿಗೆ ಹಾಕಿ, ಫೋನ್ ತೆಗೆದು ಪಿಜ್ಜಾ ಆರ್ಡರ್ ಮಾಡಿದ. ಬಂದವರಿಗೆ "ಈ ವಾರ ಒಳ್ಳೆ ಕಟ್ ಸಿಗ್ಲಿಲ್ಲ" ಎಂದ. ರವಿಶಂಕರ್ ಮುಖ ಸಪ್ಪಗೆ ಮಾಡಿಕೊಂಡು ಪಿಜ್ಜಾದ ಅಂಚು ಬಿಟ್ಟೆದ್ದರು.

ಭಾನುವಾರ ಬೆಳಗ್ಗೆ ನಾನೇ ಗ್ಯಾರೇಜಿನ ಬಾಗಿಲೆತ್ತಿದೆ. ಪೂರ್ತಿ, ಮೇಲಿನ ತನಕ. ಕ್ಯಾಂಪಿಂಗ್‌ಗೆ ಒಯ್ಯುವ ಗ್ಯಾಸ್ ಒಲೆಯನ್ನು ಅಲ್ಲೇ ಹೊರಗೆ ಹೋಗುವ ದಾರಿಗೆ ಹತ್ತಿರ ಇಟ್ಟು, ಫ್ರಿಜ್ಜಿನ ಬಾಡು ತಂದು ಅತ್ತೆಯ ಮುಂದಿಟ್ಟೆ. "ನಮ್ಮಿಬ್ರಿಗೆ ಮಾಡಿ ಅತ್ತೆ" ಎಂದೆ. ಅವರು ನನ್ನ ಮುಖ ನೋಡಿದರು, ಬಾಗಿಲು ನೋಡಿದರು, ಚಾಕು ತೆಗೆದುಕೊಂಡರು. ಇಳಿಮಧ್ಯಾಹ್ನದ ಹೊತ್ತಿಗೆ ಬಾಡಿನ ಘಮ ಎರಡು ಮನೆ ದಾಟಿತ್ತು. ಎದುರುಮನೆಯ ಅಮೆರಿಕನ್ ಅಜ್ಜ ನಾಯಿ ಹಿಡಿದುಕೊಂಡು ನಿಂತು, ವಾಸನೆ ಬಹಳ ಚೆನ್ನಾಗಿದೆ, ಯಾರು ಅಡುಗೆ ಮಾಡುತ್ತಿರುವುದು ಎಂದು ಕೇಳಿದ. ನಾನು ಅತ್ತೆಯ ಕಡೆ ಕೈ ತೋರಿಸಿ ಹೆಸರು ಹೇಳಿದೆ. "ಶಿ-ವಕ್-ಕಾ" ಎಂದು ಅವನು ತಡವರಿಸಿಕೊಂಡು ಹೇಳಿದಾಗ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಅವನಿಗೊಂದು ಡಬ್ಬಿ ತುಂಬಿ ಕೊಟ್ಟರು.

ಆಗ ಶಶಿಕಾಂತ ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲಿ ತಟ್ಟೆ ಇತ್ತು. ನನ್ನನ್ನು ಕೇಳಿದ್ದರೆ ಒಂದು ಅಗುಳೂ ಹಾಕುತ್ತಿರಲಿಲ್ಲ. ಅತ್ತೆ ಸೌಟು ತುಂಬಿಸಿ ಎತ್ತಿ ಹಿಡಿದರು. ಮಗನ ಹಸಿವು ನೋಡಿದರೆ ಅವರ ಕೈ ನಿಲ್ಲುವುದಿಲ್ಲ. ಆದರೆ ಅಂದು ನಿಂತಿತು.

"ಇದ್ಯಾರ್ ಮಾಡಿದ್ದು ಮಗ?" ಎಂದು ಕೇಳಿದರು.

ಅವನು ಬೀದಿಯ ಕಡೆ ನೋಡಿದ. ಅಲ್ಲಿ ಯಾರಿದ್ದರು? ಡಬ್ಬಿ ಹಿಡಿದುಕೊಂಡು ನಡೆದು ಹೋಗುತ್ತಿದ್ದ ಆ ಅಜ್ಜ, ಅವನ ನಾಯಿ. ಕನ್ನಡ ಬರುವ ಒಂದು ನರಪಿಳ್ಳೆಯೂ ಇರಲಿಲ್ಲ. ಅವನು ಕೈ ಚಾಚಿ ಗೋಡೆಯ ಗುಂಡಿ ಒತ್ತಿದ. ಗ್ಯಾರೇಜಿನ ಬಾಗಿಲು ಗರಗರ ಎನ್ನುತ್ತಾ ಇಳಿಯತೊಡಗಿತು. ಮೊದಲು ಬೀದಿ ಹೋಯಿತು, ಆಮೇಲೆ ಬಿಸಿಲು ಹೋಯಿತು. ಬಾಗಿಲು ನೆಲ ಮುಟ್ಟುವ ತನಕ ಅವನು ಕಾದ.

"ನೀನೇ ಮಾಡಿದ್ದು ಅವ್ವ," ಎಂದ.

ಅತ್ತೆ ಸೌಟಿನಲ್ಲಿದ್ದುದನ್ನು ಬಾಣಲೆಗೆ ವಾಪಸ್ ಸುರಿದರು.